ಒಂದು ರಿಂಗೂ ಕಡಿಮೆ ಇಲ್ಲ

ನಾನು ಕಬ್ಬಿಣ ಕದ್ದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಪ್ಪತ್ತೆರಡು ವರ್ಷ ಇದೇ ಮಾತನ್ನು ನನಗೆ ನಾನೇ ಹೇಳಿಕೊಂಡು ಬದುಕಿದ್ದೇನೆ. ಒಂದು ಗೇಣು ಸರಳನ್ನೂ ಮನೆಗೆ ಒಯ್ದವನಲ್ಲ. ನಕ್ಷೆಯಲ್ಲಿ ಎಷ್ಟು ರಿಂಗ್ ಬರೆದಿತ್ತೋ ಅಷ್ಟನ್ನೂ ಕತ್ತರಿಸಿ, ಬಗ್ಗಿಸಿ, ಕಾಲಂಗಳಿಗೆ ತೊಡಿಸಿದ್ದೇನೆ. ಕಾಲಂ ಒಡೆದು ಎಣಿಸಿದರೆ ಸಂಖ್ಯೆ ಸರಿಯಾಗಿಯೇ ಸಿಗುತ್ತದೆ. ಜಾಗ ಮಾತ್ರ ತಪ್ಪಿರುತ್ತದೆ. ಆ ಜಾಗದ ಮಾತನ್ನು ಹೇಳಲು ಕುಳಿತಿದ್ದೇನೆ, ಮತ್ತು ಸಿಟ್ಟಿನಿಂದಲೇ ಹೇಳುತ್ತೇನೆ. ಶಾಂತವಾಗಿ ಹೇಳುವ ವಯಸ್ಸು ದಾಟಿ ಹೋಗಿದೆ.

ಹುಟ್ಟಿದ್ದು ದಾಂಡೇಲಿ. ನನ್ನ ಅಬ್ಬಾ ಕಾಗದದ ಗಿರಣಿಯಲ್ಲಿ ಕೆಲಸಕ್ಕಿದ್ದರು. ನಾನು ಕನ್ನಡ ಶಾಲೆಯಲ್ಲಿ ಓದಿ ಎಸ್ಸೆಸ್ಸೆಲ್ಸಿ ಪಾಸಾದೆ. ಗಿರಣಿಯಲ್ಲಿ ಕೆಲಸ ಸಿಗಲಿಲ್ಲ, ಸರಳು ಕಟ್ಟುವವರ ಗುಂಪು ಸೇರಿದೆ. ಆ ಗುಂಪಿನಲ್ಲಿ ನಕ್ಷೆ ಓದಲು ಬರುತ್ತಿದ್ದವನು ನಾನೊಬ್ಬನೇ, ಹಾಗಾಗಿ ಬೇಗ ಮೇಸ್ತ್ರಿಯಾದೆ. ದಾಂಡೇಲಿ, ಹಳಿಯಾಳ, ಮುಂಡಗೋಡ, ರಾಮನಗರ, ಒಂದೆರಡು ಅಣಶಿಯ ತನಕವೂ ನನ್ನ ಕೈಯ ಕಟ್ಟಡಗಳಿವೆ. ಓದು ಬಾರದವನು ಮಾಡಿದ್ದರೆ ಅದು ತಪ್ಪು. ಓದಲು ಬರುವವನು, ನಕ್ಷೆಯ ಮೇಲೆ ಬೆರಳಿಟ್ಟು ಎಲ್ಲರಿಗೂ ಓದಿ ಹೇಳಿ, ಆಮೇಲೆ ಬೇರೆಯದನ್ನು ಮಾಡಿದರೆ ಅದನ್ನು ತಪ್ಪು ಎನ್ನಲು ನನಗೆ ನಾಚಿಕೆಯಾಗುತ್ತದೆ.

ನಾನು ಹೇಳುತ್ತಿರುವ ಕಟ್ಟಡ ಹಳಿಯಾಳದ್ದು. ಕೆಳಗೆ ಅಂಗಡಿಗಳು, ಅದರ ಮೇಲೆ ಒಂದು ಅಂತಸ್ತು ಬಾಡಿಗೆಯ ಮನೆಗಳು. ಮಾಲೀಕರು ಕಿರಾಣಿ ವ್ಯಾಪಾರದ ಸಾವಕಾರರು, ನನಗಿಂತ ಮೂರು ವರ್ಷ ದೊಡ್ಡವರು. ಹೊಲಮನೆಯಿಂದ ಬಂದವರು, ಶಿವಪೂಜೆ ಮಾಡದೆ ಅಂಗಡಿಯ ಬಾಗಿಲು ತೆಗೆಯುವವರಲ್ಲ. ಕಟ್ಟುವ ಮೊದಲೇ ಅವರದು ಒಂದು ಹಟವಿತ್ತು.

"ಗ್ವಾಡಿ ಬಿಟ್ಟು ಕಾಲಂ ಹೊರಗ ಮೂಗು ಚಾಚಬಾರದು ನೋಡ್ರಿ. ಅಂಗಡ್ಯಾಗ ಕಪಾಟ ಕುಂದ್ರೂದಿಲ್ಲ."

ಹಾಗಾಗಿ ಕಾಲಂಗಳು ಗೋಡೆಯಷ್ಟೇ ದಪ್ಪ, ಒಂಬತ್ತು ಇಂಚು. ಅಂಥ ಸಣಕಲು ಕಾಲಂನ ತಲೆಗೆ ಮೂರು ಕಡೆಯಿಂದ ಬೀಮ್‌ಗಳು ಬಂದು ಸೇರುತ್ತವೆ. ಆ ಸೇರುವ ಜಾಗವನ್ನು ನಾವು ಗಂಟು ಎನ್ನುತ್ತಿದ್ದೆವು. ನಿಂತ ಸರಳು, ಮಲಗಿದ ಸರಳು, ಕೊಕ್ಕೆಯಂತೆ ಬಗ್ಗಿದ ತುದಿಗಳು ಎಲ್ಲ ಅಲ್ಲೇ ಬಂದು ಕಿಕ್ಕಿರಿಯುತ್ತವೆ. ಬೆರಳು ತೂರುವುದಿಲ್ಲ. ನಕ್ಷೆಯೋ, ಗಂಟಿನೊಳಗೆ ಮತ್ತು ಅದರ ಕೆಳಗೆ ಒಂದೂವರೆ ಅಡಿ ರಿಂಗ್‌ಗಳನ್ನು ಒತ್ತೊತ್ತಾಗಿ ಕಟ್ಟಿ ಎನ್ನುತ್ತಿತ್ತು. ರಿಂಗ್ ಎಂದರೆ ನಿಂತ ಸರಳುಗಳನ್ನು ಸುತ್ತ ಅಪ್ಪಿ ಹಿಡಿಯುವ ಚೌಕದ ಬಳೆ. ಕಾಲಂನ ನಡುವೆ ಅವು ಸ್ವಲ್ಪ ದೂರ ದೂರ ಇದ್ದರೂ ನಡೆಯುತ್ತದೆ, ತುದಿಗಳಲ್ಲಿ ನಡೆಯುವುದಿಲ್ಲ. ಹಾಗೆಂದು ಸ್ಪಷ್ಟವಾಗಿ ಬರೆದಿತ್ತು. ನಾನು ಓದಿದ್ದೆ.

ನೋಡಲು ಬರುತ್ತಿದ್ದ ಎಂಜಿನಿಯರ್ ಸಾಹೇಬರು ಎಂದೂ ಏಣಿ ಹತ್ತಿದವರಲ್ಲ, ಮೊಣಕಾಲೂರಿದವರಲ್ಲ. ನಿಂತಲ್ಲೇ ಎದೆಯ ಮಟ್ಟಕ್ಕೆ ಟೇಪು ಹಿಡಿಯುತ್ತಿದ್ದರು, ಆಮೇಲೆ ತಲೆಯೆತ್ತಿ ಒಟ್ಟು ಎಣಿಸುತ್ತಿದ್ದರು. ಎದೆಯ ಮಟ್ಟದಲ್ಲಿ ನನ್ನ ರಿಂಗ್‌ಗಳು ಎಂಟೆಂಟು ಬೆರಳಿಗೆ ಒಂದರಂತೆ, ದಾರ ಹಿಡಿದು ಕಟ್ಟಿದ ಹಾಗೆ ಇರುತ್ತಿದ್ದವು. "ಭೇಷ್ ಮೇಸ್ತ್ರಿ" ಎಂದು ಹೋಗುತ್ತಿದ್ದರು. ಆ ಭೇಷ್ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಅವರ ಮೇಲೆ ಅರ್ಧ, ಅದಕ್ಕೆ ಹಲ್ಲು ಕಿರಿಯುತ್ತಿದ್ದ ನನ್ನ ಮೇಲೆ ಅರ್ಧ.

ಅವರ ಗಾಡಿ ತಿರುವಿನಲ್ಲಿ ಮರೆಯಾದ ಕೂಡಲೆ ಕಾಂಟ್ರಾಕ್ಟರ್ ಶುರು ಮಾಡುತ್ತಿದ್ದ. ಮಿಕ್ಸರ್ ತಿರುಗುತ್ತಿದೆ, ಜಲ್ಲಿಯ ಖಡಿ, ಉಸುಕು ತಯಾರಿವೆ, ಕಾಲಂನ ತಲೆಯಲ್ಲಿ ಬುಟ್ಟಿ ಸುರಿಯಲು ಸಂದಿಲ್ಲ.

"ಏನ್ ಮೇಸ್ತ್ರಿ, ಮುಹೂರ್ತ ನೋಡಾಕತ್ತಿಯೇನ? ಬಳಿ ಇಳಸ್ರಿ!"

ಬಳೆ ಇಳಿಸುವುದು ಎಂದರೆ ಇಷ್ಟೇ. ಗಂಟಿನ ಮತ್ತು ಅದರ ಕೆಳಗಿನ ರಿಂಗ್‌ಗಳ ತಂತಿ ಬಿಚ್ಚಿ, ಅವನ್ನೆಲ್ಲ ಎದೆಯ ಮಟ್ಟಕ್ಕೆ ಜಾರಿಸಿಬಿಡುವುದು. ಮೇಲೆ ಕಾಂಕ್ರೀಟ್ ಸುರಿಯಲು ಜಾಗವಾಗುತ್ತದೆ, ಬೀಮ್‌ನ ಸರಳು ಸಲೀಸಾಗಿ ಕೂರುತ್ತದೆ. ರಿಂಗ್ ಎಲ್ಲಿಗೂ ಹೋಗಲಿಲ್ಲ, ಕಾಲಂನೊಳಗೇ ಇದೆ. ಸುತ್ತಲಿನ ಊರುಗಳಲ್ಲಿ ಬೇರೆಯವರೂ ಹೀಗೆ ಮಾಡುತ್ತಿದ್ದರು. ಆದರೆ ಅದಕ್ಕೆ ಬಳೆ ಇಳಿಸುವುದು ಎಂಬ ಚೆಂದದ ಹೆಸರಿಟ್ಟು, ಅದನ್ನೊಂದು ಕೈಚಳಕ ಮಾಡಿದ್ದು ನನ್ನ ಗುಂಪು. ಮುಂಡಗೋಡ ಕಡೆಯ ಒಬ್ಬ ಕೆಲಸಗಾರ ಹಳಿಯಾಳದ ಕಾಲಂ ತುಂಬುವ ದಿನ ಏಣಿಯ ಮೇಲಿನಿಂದ ಕೂಗಿದ್ದ: "ಗಂಡ ಇರೂ ಕಂಬದ ಬಳಿ ಇಳಸಬ್ಯಾಡ್ರೋ, ಪಾಪ ಹತ್ತೀತು!"

ಎಲ್ಲರೂ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ನಗುತ್ತಲೇ ಇಳಿಸಿದೆವು. ಕೆಳಗಿನ ಅಂತಸ್ತಿನ ಒಂದು ಕಾಲಂ ಕೂಡ ಬಿಡಲಿಲ್ಲ.

ಕಟ್ಟಡ ನಿಂತಿತು. ಬಾಡಿಗೆಗೆ ಮಂದಿ ಬಂದರು. ನಾನು ಸಾವಕಾರರ ಅಂಗಡಿಗೆ ಹೋದರೆ ಗಿರಾಕಿಗಳ ಎದುರಿಗೆ ಹೇಳುತ್ತಿದ್ದರು: "ಈ ಮೇಸ್ತ್ರಿ ಕೈ ನೋಡ್ರಿ. ಗ್ವಾಡಿಗೆ ಒಂದ ಕೂದಲೆಳಿಯಷ್ಟು ಬಿರುಕ ಬಂದಿಲ್ಲ." ಕೆಲಸ ಬಿಟ್ಟ ಮೇಲೂ ವಾರಕ್ಕೊಮ್ಮೆ ಅವರಲ್ಲಿ ಹೋಗಿ ಚಹಾ ಕುಡಿಯುವ ರೂಢಿ ಇತ್ತು.

ಈ ವರ್ಷ ಅವರಿಗೆ ಮೇಲೊಂದು ಅಂತಸ್ತು ಕಟ್ಟುವ ಮನಸ್ಸಾಯಿತು. ಮನೆಗಳಲ್ಲ, ಮಂಗಲ ಕಾರ್ಯಾಲಯ. ಒಂದೇ ದೊಡ್ಡ ಹಾಲ್, ಊಟಕ್ಕೆ ಕೂತ ಪಂಕ್ತಿ, ಬಾಜಾ ಭಜಂತ್ರಿ, ಕುಣಿಯುವ ಮಂದಿ ಎಲ್ಲವೂ ನನ್ನ ಕಾಲಂಗಳ ತಲೆಯ ಮೇಲೆ. ಮೊದಲ ಮದುವೆ ಅವರ ಮೊಮ್ಮಗಳದೇ ಎಂದು ಗೊತ್ತು ಮಾಡಿದ್ದರು.

ಅವರ ತಮ್ಮನ ಮಗಳು ಧಾರವಾಡದಲ್ಲಿ ಎಂಜಿನಿಯರಿಂಗ್‌ನ ದೊಡ್ಡ ಓದು ಓದುತ್ತಿದ್ದಾಳೆ. ಹಳೆಯ ಕಟ್ಟಡ ಹೊಸ ಭಾರ ತಡೆಯುತ್ತದೋ ಇಲ್ಲವೋ ಲೆಕ್ಕ ಹಾಕದೆ ಕಟ್ಟಬಾರದು ಎಂದು ಅವಳೇ ಹಟ ಹಿಡಿದಳು. ಒಂದು ದಿನ ಮಧ್ಯಾಹ್ನ ಅಂಗಡಿಗೆ ನನ್ನನ್ನೂ ಕರೆಸಿದರು. ಅಕ್ಕಿ ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಪರದೆಯ ಮೇಲೆ ಇಡೀ ಕಟ್ಟಡ ಬರೀ ಗೆರೆಗಳಲ್ಲಿ ನಿಂತಿತ್ತು, ಗೋಡೆ ಇಲ್ಲ, ಗಾರೆಯ ಗಿಲಾಯಿ ಇಲ್ಲ. ಸರಳು ಕಟ್ಟುವವನ ಕಣ್ಣಿಗೆ ಕಟ್ಟಡ ಕಾಣುವುದೂ ಹಾಗೆಯೇ.

"ಚಾಚಾ, ಇದನ್ನ ನಾ ಪಕ್ಕದಿಂದ ಸಾವಕಾಶ ನೂಕತೇನಿ ನೋಡ್ರಿ," ಎಂದಳು. "ಎಲ್ಲಿ ಮೊದಲ ಸೋಲತೈತಿ ಅನ್ನೂದು ಗೊತ್ತಾಗತೈತಿ."

"ನೂಕವರು ಯಾರವ್ವಾ?" ಎಂದರು ಸಾವಕಾರರು.

"ಭೂಮಿ, ದೊಡ್ಡಪ್ಪ. ಭೂಮಿ ಅಲಗಿದ್ರ ಕಟ್ಟಡ ಪಕ್ಕಕ್ಕ ತಳ್ಳಿಸಿಕೋತೈತಿ."

"ನಮ್ಮ ಹಳ್ಯಾಳದಾಗ ಎಲ್ಲಿ ಭೂಕಂಪ ಬೇ? ಇಲ್ಲಿ ನೆಲ ಅಲಗೂದು ಕಬ್ಬಿನ ಲಾರಿ ಹೋದಾಗಷ್ಟ."

ಅವಳು ನಗಲಿಲ್ಲ. ಚೀಲ ಕಟ್ಟುವ ತಂತಿಯೊಂದು ಬಿದ್ದಿತ್ತು, ಎತ್ತಿಕೊಂಡು ತುಸು ಬಗ್ಗಿಸಿ ಬಿಟ್ಟಳು. ನೆಟ್ಟಗಾಯಿತು. ಇನ್ನಷ್ಟು ಬಗ್ಗಿಸಿದಳು. ಬಗ್ಗಿದಲ್ಲೇ ನಿಂತಿತು. "ಮೊದಲನೇದು ಎಲ್ಲಾರೂ ಲೆಕ್ಕ ಹಾಕ್ತಾರ. ಈ ಎರಡನೇದು, ಗೆರಿ ದಾಟಿದ ಮ್ಯಾಲೆ ಎಷ್ಟು ದೂರ ಹೋಗತೈತಿ, ಆವಾಗೂ ಎಷ್ಟು ಭಾರ ತಡೀತೈತಿ, ಅದನ್ನ ಕಂಪ್ಯೂಟರಿಗೆ ಹೇಳಿಕೊಡೂದು ನನ್ನ ಕೆಲಸ."

ನನಗೆ ಖುಷಿಯಾಯಿತು, ಅದೂ ನಾಚಿಕೆಯ ಮಾತೇ. ಆ ವಿಷಯ ನನ್ನ ಅಂಗೈಗೆ ಗೊತ್ತಿತ್ತು. "ಸರಳು ಎಲ್ ಆಕಾರಕ್ಕ ಬಗ್ಗಸಬೇಕಂದ್ರ ಅದಕ್ಕಿಂತ ಒಂದೀಟು ಹೆಚ್ಚಿಗಿ ಒತ್ತಬೇಕು ತಂಗಿ," ಎಂದೆ. "ಕೈ ಬಿಟ್ಟ ಕೂಡ್ಲೆ ಅಷ್ಟು ಹಿಂದ ಬರತೈತಿ. ಉಳದದ್ದು ಬರಂಗಿಲ್ಲ."

"ಅಷ್ಟ ನೋಡ್ರಿ ಚಾಚಾ! ನಮ್ಮ ಸರ್ ಮೂರು ತಾಸು ಹೇಳಿದ್ದನ್ನ ನೀವು ಮೂರು ಮಾತಿನ್ಯಾಗ ಹೇಳಿದ್ರಿ." ಅವಳ ಮುಖ ಅರಳಿತು. "ಕಬ್ಬಿಣಕ್ಕ ಆ ಗುಣ ಐತಿ, ಕಾಂಕ್ರೀಟಿಗಿಲ್ಲ. ಅದು ಒಡೀತೈತಿ. ಆದ್ರ ಒಡದದ್ದನ್ನ ರಿಂಗ್ ಅಪ್ಪಿ ಹಿಡಕೊಂಡಿದ್ರ ಒಡದ ಮ್ಯಾಲೂ ಭಾರ ಹೊರತೈತಿ. ಬೀಮಿಂದು ಬರೇ ಬಾಗೂ ಕೆಲಸ. ಕಾಲಂ, ಪಾಪ, ಮ್ಯಾಲಿನ ಭಾರ ಹೊತಗೊಂಡ ಬಾಗಬೇಕು. ಮ್ಯಾಲೆ ಹಾಲ್ ಬಂತಂದ್ರ ಭಾರ ಹೆಚ್ಚಾತು, ಬಾಗೂ ತಾಕತ್ತು ಕಡಿಮಿ ಆತು. ರಿಂಗ್ ಒತ್ತಾಗಿದ್ರ ಬಚಾವ್."

ಆಮೇಲೆ ನನ್ನ ಕಡೆ ತಿರುಗಿದಳು. "ಕಾಂಕ್ರೀಟಿನೊಳಗಿನ ಸರಳು ತೋರಸೂ ಮಷಿನ್ ತಂದು ನೋಡಬಹುದು. ಆದ್ರ ಗಂಟಿನ್ಯಾಗ ಸರಳು ಕಿಕ್ಕಿರಿದಿರತಾವ, ಅದಕ್ಕ ಸರಿಯಾಗಿ ಕಾಣಂಗಿಲ್ಲ. ಕಟ್ಟಿದವರು ನೀವ ಅದೀರಿ. ಹೇಳ್ರಿ ಚಾಚಾ, ರಿಂಗ್ ಎಲ್ಲಾ ಅದಾವಲ್ಲ?"

ಸಾವಕಾರರು ತಕ್ಕಡಿ ಬಿಟ್ಟು ನನ್ನನ್ನೇ ನೋಡುತ್ತಿದ್ದರು, ಹೆಮ್ಮೆಯಿಂದ. ನಾನು ಹೇಳಿದೆ: "ಒಂದ ರಿಂಗೂ ಕಡಿಮಿ ಇಲ್ಲ ತಂಗಿ."

ಅವಳು ಅದನ್ನು ಬರೆದುಕೊಂಡಳು. ಕೀಲಿ ಒತ್ತಿದಳು. ಗೆರೆಯ ಕಟ್ಟಡ ಪಕ್ಕಕ್ಕೆ ವಾಲತೊಡಗಿತು. ಬೀಮ್‌ಗಳ ತುದಿಯಲ್ಲಿ ಒಂದೊಂದೇ ಹಳದಿ ಚುಕ್ಕೆ ಹೊತ್ತಿಕೊಂಡವು, ಕಾಲಂಗಳು ಕೊನೆಯ ತನಕ ಹಸಿರಾಗಿಯೇ ಇದ್ದವು. "ಹಳದಿ ಅಂದ್ರ ಬಾಗಿದ ಜಾಗ. ಹಿಂಗ ಆಗಬೇಕು," ಎಂದಳು, "ಕಟ್ಟಡ ಬಾಗಲಿ, ಬೀಳಬಾರದು." ಸಾವಕಾರರು ಎಲ್ಲರಿಗೂ ಮತ್ತೊಂದು ಸಲ ಚಹಾ ತರಿಸಿದರು.

ಸುಳ್ಳು ಹೇಳಿದ್ದರೆ ಇಷ್ಟು ಹೇಸಿಕೆಯಾಗುತ್ತಿರಲಿಲ್ಲವೇನೋ. ನಿಜವನ್ನೇ ಹೇಳಿ ಮೋಸ ಮಾಡಿದ್ದೆ. ಅದೂ ನನ್ನ ಕೈಗೆಲಸ ಬಲ್ಲ, ಅದಕ್ಕೆ ಬೆಲೆ ಕೊಟ್ಟ ಹುಡುಗಿಗೆ.

ಮನೆಗೆ ಬಂದವನು ಎರಡು ದಿನ ಯಾರ ಜೊತೆಯೂ ನೆಟ್ಟಗೆ ಮಾತಾಡಲಿಲ್ಲ. ನನ್ನ ಹೆಂಡತಿ ಮುಂಡಗೋಡದ ಹತ್ತಿರದ ಹಳ್ಳಿಯವಳು. ಸಿಟ್ಟು ಬಂದರೆ ಮನೆಯ ಉರ್ದು ಬಿಟ್ಟು ಕನ್ನಡಕ್ಕೆ ಇಳಿಯುತ್ತಾಳೆ. ಕೇಳಿ ಕೇಳಿ ನನ್ನ ಬಾಯಿ ಬಿಡಿಸಿದಳು. ಪೂರ್ತಿ ಕೇಳಿದ ಮೇಲೆ ತವೆಯ ಮೇಲಿನ ರೊಟ್ಟಿ ತಿರುವಿ ಹಾಕುತ್ತ ಅಂದಳು:

"ದಿನಾ ಐದ ಸಲ ಮೊಳಕಾಲು ಬಗ್ಗಸ್ತೀರಿ. ಈ ನಾಲಿಗಿ ಒಂದ ಸಲ ಬಗ್ಗಸಾಕ ಆಗಲಿಲ್ಲ ನಿಮಗ?"

"ಇಪ್ಪತ್ತೆರಡ ವರ್ಷ ನಿಂತೈತಿ," ಎಂದೆ.

"ಮ್ಯಾಲೆ ಮದವಿ ಮಂದಿ ಇರಲಿಲ್ಲ, ನಿಂತಿತ್ತು. ಸಾವಕಾರ್ರ ಮೊಮ್ಮಗಳು ತಾಳಿ ಕಟ್ಟಿಸ್ಕೊಳ್ಳೂ ಮುಂದ ನೀವು ಎಲ್ಲಿ ಕುಂದ್ರತೀರಿ? ಕೆಳಗೋ ಮ್ಯಾಲೋ? ಅದನ್ನಷ್ಟು ಹೇಳ್ರಿ."

ರೊಟ್ಟಿ ಕರಕಲಾಯಿತು, ಅದನ್ನೇ ನನ್ನ ತಟ್ಟೆಗೆ ಹಾಕಿದಳು.

ಮೇಲಿನ ಅಂತಸ್ತಿನ ಕೆಲಸ ಶುರುವಾಗುವ ದಿನ ಸಾವಕಾರರೇ ಫೋನ್ ಮಾಡಿ ಕರೆಸಿಕೊಂಡರು. ಹಳೆಯ ಕಾಲಂಗಳ ಸರಳುಗಳನ್ನು ಮುಂದೆ ಬೇಕಾದೀತೆಂದು ತಾರಸಿಯ ಮೇಲೆ ಉದ್ದ ಬಿಟ್ಟಿದ್ದೆವು, ಅವು ತುಕ್ಕು ಹಿಡಿದು ಇನ್ನೂ ನಿಂತಿದ್ದವು. ಅವಕ್ಕೆ ಹೊಸ ಸರಳು ಜೋಡಿಸಿ ಮೇಲೆ ಒಯ್ಯಬೇಕು. ಬುಡಕ್ಕೆ ವಿಭೂತಿ ಹಚ್ಚಿ, ಹೂ ಏರಿಸಿ ಪೂಜೆ ಮಾಡಿದ್ದರು. ಹೊಸ ಗುಂಪಿನವರು ಸುತ್ತ ನಿಂತಿದ್ದರು, ಎಂಜಿನಿಯರ್ ಹುಡುಗಿಯೂ ಇದ್ದಳು. ಸಾವಕಾರರು ಒಂದು ರಿಂಗ್ ಎತ್ತಿ ನನ್ನ ಕೈಗೆ ಕೊಟ್ಟರು.

"ಮೊದಲನೇ ರಿಂಗ್ ನಿನ್ನ ಕೈಲೇ ಆಗಲಿ ಮೇಸ್ತ್ರಿ. ಕೆಳಗಿಂದು ನೀನ ಕಟ್ಟಿದಿ, ಅದಕ್ಕ ಇದು ನಿಂತೈತಿ."

ಆ ಮಾತಿಗೆ ನನ್ನೊಳಗೆ ಏನು ಎದ್ದಿತೋ, ರಿಂಗನ್ನು ನೆಲಕ್ಕೆ ಅಪ್ಪಳಿಸಿದೆ. ಅದು ಹೂವಿನ ಮೇಲೆ ಉರುಳಿತು. ಅವರ ಮೇಲೆ ಸಿಟ್ಟು ಮಾಡುವ ಹಕ್ಕು ನನಗಿರಲಿಲ್ಲ, ಆದರೂ ಅವರ ಮೇಲೆಯೇ ಕೂಗಾಡಿದೆ.

"ಹೊಗಳೂದು ಬಿಡ್ರಿ ಸಾವಕಾರ್ರ! ಇದನ್ನ ಕಟ್ಟಬ್ಯಾಡ್ರಿ. ಕೆಳಗ ಒಂದ ಕಾಲಂನ ಗಂಟಿನ್ಯಾಗೂ ರಿಂಗ್ ಇಲ್ಲ. ಬಳಿ ಇಳಿಸೇವಿ!"

"ಬಳಿ ಇಳಿಸೂದಂದ್ರ ಏನಲೇ?"

ಅವರು ನನಗೆ ಲೇ ಎಂದದ್ದು ಅದೇ ಮೊದಲು. ಹೇಳಿದೆ. ಹೊಸ ಗುಂಪಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆ ತಗ್ಗಿಸಿದರು. ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಹುಡುಗಿ ಮಾತ್ರ ಮೆಲ್ಲಗೆ ಕೇಳಿದಳು: "ಚಾಚಾ, ಆವತ್ತು ಒಂದ ರಿಂಗೂ ಕಡಿಮಿ ಇಲ್ಲ ಅಂದ್ರಲ್ಲ?"

"ಕಡಿಮಿ ಇಲ್ಲ ತಂಗಿ. ನಡಕ್ಕ ಅದಾವು."

ಸಾವಕಾರರು ನಂಬಲಿಲ್ಲ. ನನಗೆ ವಯಸ್ಸಾಗಿ ತಲೆ ಕೆಟ್ಟಿದೆ ಎಂದರು. ನಾನೇ ಸುತ್ತಿಗೆ ಉಳಿ ತೆಗೆದುಕೊಂಡು ಕೆಳಗಿಳಿದೆ. ಹಿಂದಿನ ಉಗ್ರಾಣದಲ್ಲಿ, ಕಪಾಟಿನ ಪಕ್ಕದ ಕಾಲಂನ ತಲೆಗೆ ಏಣಿ ಹಚ್ಚಿದೆ. ಹುಡುಗಿ ಮೊದಲು ಬೀಮ್‌ಗಳ ಕೆಳಗೆ ಕಬ್ಬಿಣದ ಆಸರೆ ಕಂಬ ಕೊಡಿಸಿದಳು. ಆಮೇಲೆ ಹೊರಗಿನ ಪದರನ್ನಷ್ಟೇ, ಸರಳು ಕಾಣುವ ತನಕ, ಮೆತ್ತಗೆ ಬಿಡಿಸಿದೆ. ಎಲ್ಲಿ ಹೊಡೆಯಬೇಕೆಂದು ಕೈಗೆ ಗೊತ್ತಿತ್ತು. ಕೆಳಗೆ ಎದೆಯ ಮಟ್ಟದಲ್ಲೂ ಒಂದು ಗೇಣು ಬಿಡಿಸಿದೆ. ಅಲ್ಲಿ ಏಳು ರಿಂಗ್ ಒಂದಕ್ಕೊಂದು ಅಂಟಿಕೊಂಡಿದ್ದವು, ಮುಂಗೈಗೆ ಜಾರಿದ ಬಳೆಗಳ ಹಾಗೆ. ಖಡಿ ಅವುಗಳ ನಡುವೆ ಇಳಿಯದೆ ಒಳಗೆ ಬೆರಳಗಲದ ಪೊಳ್ಳು ಇತ್ತು. ಮೇಲೆ ಗಂಟಿನಲ್ಲಿ ಟಾರ್ಚ್ ಬಿಟ್ಟರೆ ಬರೀ ನಿಂತ ಸರಳುಗಳು, ಬೀಮ್‌ನ ಸರಳುಗಳು. ಸುತ್ತ ಒಂದೂ ರಿಂಗ್ ಇಲ್ಲ.

ಸಾವಕಾರರು ಎದೆಯ ಮಟ್ಟದ ಏಳೂ ರಿಂಗ್‌ಗಳನ್ನು ಮುಟ್ಟಿ ನೋಡಿದರು. ಆಮೇಲೆ, "ಕಬ್ಬಿನ ಹೊರಿ ಕಟ್ಟೂ ಆಳಿಗೂ ಗೊತ್ತಿರತೈತಿ," ಎಂದರು. "ನಡಕ್ಕ ಏಳ ಕಟ್ಟ ಹಾಕಿ ತುದಿಗೆ ಬಿಟ್ರ ಹೊರಿ ಹರವತೈತಿ ಅಂತ. ನೀ ಓದಿದಾಂವ ಅಂತ ನಿನ್ನ ಕರಕೊಂಡ ಬಂದಿದ್ನಿ."

ಹುಡುಗಿ ಅಕ್ಕಿ ಚೀಲದ ಮೇಲೆ ಕೂತು ಅಂಕೆಗಳನ್ನು ಬದಲಿಸಿದಳು. ಮತ್ತೆ ಕೀಲಿ ಒತ್ತಿದಳು. ಈ ಸಲ ಬೀಮ್‌ಗಳ ಚುಕ್ಕೆ ಹಳದಿಯಾಗುವ ಮೊದಲೇ ಕೆಳಗಿನ ಅಂತಸ್ತಿನ ಕಾಲಂಗಳ ತಲೆಗಳು ಕೆಂಪಾದವು, ಒಂದಾದ ಮೇಲೊಂದಲ್ಲ, ಸಾಲಾಗಿ. ಪರದೆಯ ಪಕ್ಕದಲ್ಲಿ, ಕಟ್ಟಡ ತಡೆಯುವ ಬಲ ತೋರಿಸುತ್ತ ಏರುತ್ತಿದ್ದ ಗೆರೆ ತಟ್ಟನೆ ಕೆಳಗೆ ಬಿತ್ತು. ನಾವು ಕೂತಿದ್ದ ಅಂಗಡಿ ಆ ಕೆಂಪಿನ ಕೆಳಗೇ ಇತ್ತು. "ಹಾಲ್ ಬ್ಯಾಡ ದೊಡ್ಡಪ್ಪ," ಎಂದಳು. "ಹಾಲ್ ಇಲ್ಲದಿದ್ರೂ ಇದನ್ನ ಹಿಂಗ ಬಿಡಾಕ ಬರಂಗಿಲ್ಲ."

ಕಾರ್ಯಾಲಯದ ಕೆಲಸ ಅಲ್ಲಿಗೇ ನಿಂತಿತು. ಬಾಡಿಗೆಯವರನ್ನು ಕೆಲವು ತಿಂಗಳಿಗೆ ಬೇರೆ ಕಡೆ ಕಳಿಸಿದರು. ಮೊಮ್ಮಗಳ ಮದುವೆ ಬೇರೊಬ್ಬರ ಹಾಲ್‌ನಲ್ಲಿ ಆಯಿತು. ಲಗ್ನಪತ್ರಿಕೆ ನಮ್ಮ ಮನೆಗೆ ಬರಲಿಲ್ಲ.

ಈ ನಡುವೆ ನಾನು ಬಸ್ಸು ಹತ್ತಿ ನನ್ನ ಬೇರೆ ಕಟ್ಟಡಗಳಿಗೂ ಹೋಗಿ ಬರುತ್ತಿದ್ದೇನೆ. ಮುಂಡಗೋಡದಲ್ಲಿ ಒಬ್ಬರು ಎಲ್ಲ ಕೇಳಿ ನಕ್ಕರು. "ಇಷ್ಟ ವರ್ಷ ನಿಂತೈತಲ್ಲ ಚಾಚಾ, ಕುಂದರ್ರಿ, ಚಹಾ ಕುಡೀರಿ." ಆ ಚಹಾ ಮುಟ್ಟದೆ ಎದ್ದು ಬಂದೆ. ನಾನೂ ಇಷ್ಟು ವರ್ಷ ಅದನ್ನೇ ಅಂದುಕೊಂಡಿದ್ದೆನಲ್ಲ! ನಿಂತದ್ದನ್ನು ಯಾರೂ ಇನ್ನೂ ನೂಕಿಲ್ಲ, ಅಷ್ಟೇ. ಇದನ್ನು ಓದುವವರಲ್ಲಿ ನನ್ನ ಕೈಯಿಂದ ಮನೆ ಕಟ್ಟಿಸಿದವರಿದ್ದರೆ ದಯವಿಟ್ಟು ನಗಬೇಡಿ. ಬಲ್ಲವರನ್ನು ಕರೆಸಿ, ಏಣಿ ಹತ್ತಿಸಿ, ಗಂಟು ತೋರಿಸಿ. ಹೊಸ ಮನೆ ಕಟ್ಟಿಸುವವರು ಕಾಂಕ್ರೀಟ್ ಸುರಿಯುವ ಗಳಿಗೆಯಲ್ಲಿ ಅಲ್ಲೇ ನಿಲ್ಲಿ. ಎಂಜಿನಿಯರ್ ಗಾಡಿ ಹತ್ತಿದ ಮೇಲೆ ನಡೆಯುವುದೇ ನಿಜವಾದ ಕೆಲಸ.

ಹಳಿಯಾಳದ ಕಟ್ಟಡದ ಕೆಳಗಿನ ಕಾಲಂಗಳಿಗೆ ಈಗ ಹೊರಗಿನಿಂದ ಹೊಸ ಸರಳು, ಹೊಸ ರಿಂಗ್ ಸುತ್ತಿ, ಮೇಲೆ ಕಾಂಕ್ರೀಟ್ ಹಾಕಿ ದಪ್ಪ ಮಾಡುತ್ತಿದ್ದಾರೆ. ಗಂಟಿನ ಹತ್ತಿರ ಬೀಮ್‌ಗೆ ತೂತು ಕೊರೆದು, ರಿಂಗನ್ನು ಎರಡು ತುಂಡಾಗಿ ತೂರಿಸಿ ಬೆಸುಗೆ ಹಾಕಬೇಕು. ಕಾಲಂಗಳು ಗೋಡೆಯಿಂದ ಹೊರಗೆ ಮೂಗು ಚಾಚಿವೆ. ಕಪಾಟುಗಳನ್ನು ತೆಗೆದು ಅಂಗಳದಲ್ಲಿ ಇಟ್ಟಿದ್ದಾರೆ. ಮೊದಲ ದಿನ ನಾನು ನನ್ನ ಹಳೆಯ ಕೊಕ್ಕೆ, ತಂತಿ ತೆಗೆದುಕೊಂಡು ಹೋದೆ. ಸಾವಕಾರರು ಬಾಗಿಲಲ್ಲೇ ತಡೆದರು.

"ನಿನ್ನ ಕೈ ಹಚ್ಚಬ್ಯಾಡ ಇದಕ್ಕ."

ನಾನು ಎದುರಿನ ಕಟ್ಟೆಯ ಮೇಲೆ ಕೂತೆ. ಮರುದಿನವೂ ಹೋಗಿ ಕೂತೆ. ಆಮೇಲೆ ದಿನಾ. ಅವರು ಮಾತಾಡಿಸಲಿಲ್ಲ, ಏಳು ಎಂದೂ ಹೇಳಲಿಲ್ಲ. ನಿನ್ನೆ ಮೂರನೆಯ ಕಾಲಂಗೆ ಕಾಂಕ್ರೀಟ್ ಸುರಿಯುವವರಿದ್ದರು. ಸಾವಕಾರರು ತಾವೇ, ಈ ವಯಸ್ಸಿನಲ್ಲಿ, ಏಣಿ ಹತ್ತಿ ಗಂಟಿನ ರಿಂಗ್ ಎಣಿಸುತ್ತಿದ್ದರು. ಧೋತರದ ತುದಿ ಸೊಂಟಕ್ಕೆ ಸಿಕ್ಕಿಸಿದ್ದರು. ಎರಡು ಸಲ ಎಣಿಸಿದರು, ಎರಡು ಸಲವೂ ತಪ್ಪಿತು. ಕೆಳಗಿಳಿದು ನನ್ನ ಕಡೆ ನೋಡದೆಯೇ ಕೂಗಿದರು:

"ಬಾರಲೇ ಇಲ್ಲಿ. ಎಲ್ಲೆಲ್ಲಿ ಕಳವು ಮಾಡ್ತಾರನ್ನೂದು ಕಳ್ಳಗ ಗೊತ್ತಿರತೈತಿ. ಹತ್ತಿ ನೋಡು."

ಹೊಸ ಗುಂಪಿನವರೆಲ್ಲ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. ಒಂದು ರಿಂಗೂ ಕದ್ದವನಲ್ಲ ಎನ್ನಲು ಬಾಯಿ ತೆರೆದೆ. ಹಾಗೇ ಮುಚ್ಚಿಕೊಂಡು, ಚಪ್ಪಲಿ ಬಿಟ್ಟು, ಏಣಿ ಹತ್ತಿದೆ. ಗಂಟಿನೊಳಗೆ ಬೆರಳು ತೂರಿಸಿ, ಕೆಳಗಿನವರಿಗೂ ಕೇಳಿಸಲೆಂದು ಗಟ್ಟಿಯಾಗಿ, ಒಂದೊಂದೇ ಮುಟ್ಟಿ ಮುಟ್ಟಿ ಎಣಿಸಿದೆ.